ಯೂರಿಕ್ ಆಮ್ಲ, ಗೌಟ್ ಮತ್ತು ಕ್ಯಾನ್ಸರ್: ಯಾವುದು ಕಾರಣ, ಯಾವುದು ಪರಿಣಾಮ?

ರಕ್ತಪರೀಕ್ಷೆಯ ವರದಿಯಲ್ಲಿ 'ಯೂರಿಕ್ ಆಮ್ಲ' ಎಂಬ ಸಾಲನ್ನು ನೀವು ನೋಡಿರಬಹುದು. ಅದು ಹೆಚ್ಚಾದರೆ ಗೌಟ್ ಎಂಬ ಕೀಲುಬೇನೆ ಬರಬಹುದೆಂದು ವೈದ್ಯರು ಎಚ್ಚರಿಸುತ್ತಾರೆ. ಅದರಿಂದ ಕ್ಯಾನ್ಸರ್ ಕೂಡ ಬರುತ್ತದೆಯೆ? ಈ ಭಯವನ್ನು ಅಳೆದು ನೋಡಲು ಇತಿಹಾಸ ನೆರವಾಗುತ್ತದೆ.

1776ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಮೂತ್ರಕೋಶದ ಕಲ್ಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದ. 1797ರಲ್ಲಿ ಇಂಗ್ಲೆಂಡಿನ ವಿಲಿಯಂ ವೊಲಾಸ್ಟನ್, ಗೌಟ್ ರೋಗಿಗಳ ಗಂಟುಗಳಲ್ಲಿ ಇದರದೇ ಲವಣ ಇರುವುದನ್ನು ತೋರಿಸಿದ. 1848ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್, ಗೌಟ್ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುವುದನ್ನು ಕಂಡ. ಮುಂದೆ ಅವನು ರೂಪಿಸಿದ ಪರೀಕ್ಷೆ ಬಹಳ ಸರಳ. ರಕ್ತದ ಸೀರಮ್ಮಿಗೆ ಅಸಿಟಿಕ್ ಆಮ್ಲ ಬೆರೆಸಿ, ಅದರಲ್ಲಿ ಒಂದು ನೂಲೆಳೆ ಇಡುವುದು. ಯೂರಿಕ್ ಆಮ್ಲ ಹೆಚ್ಚಿದ್ದರೆ ಎಳೆಯ ಮೇಲೆ ಹರಳುಗಳು ಮೂಡುತ್ತವೆ.

ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಇಲ್ಲಿ ಭೌತವಿಜ್ಞಾನ ನೆರವಿಗೆ ಬಂದಿತು. ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡವಾಗಿ ಹಿಡಿದರೆ ಬೆಳಕು ನಿಂತುಹೋಗುತ್ತದೆ, ಅಲ್ಲವೆ? ನಡುವೆ ದ್ವಿವಕ್ರೀಭವನ ಗುಣವುಳ್ಳ ಹರಳನ್ನು ಸರಿಯಾದ ಕೋನದಲ್ಲಿಟ್ಟರೆ ಅದು ಕತ್ತಲಲ್ಲಿ ಹೊಳೆಯುತ್ತದೆ. 1961ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲ್ಯಾಂಡರ್, ಗೌಟ್ ರೋಗಿಗಳ ಕೀಲಿನ ದ್ರವವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ, ಸೂಜಿಯಂತಹ ಯೂರೇಟ್ ಹರಳುಗಳನ್ನು ಗುರುತಿಸಿದರು. ಮರುವರ್ಷ ಫೇರ್ಸ್ ಮತ್ತು ಮೆಕಾರ್ಟಿ ಅಂತಹ ಹರಳುಗಳನ್ನು ತಮ್ಮದೇ ಮಂಡಿಗಳಿಗೆ ಚುಚ್ಚಿಕೊಂಡರು. ತೀವ್ರ ಉರಿಯೂತ ಕಾಣಿಸಿಕೊಂಡಿತು. ಕಾರಣ ಖಚಿತವಾದದ್ದು ಹೀಗೆ.

ಕ್ಯಾನ್ಸರ್‌ನೊಂದಿಗಿನ ನಂಟು ಬೇರೆಯೇ ದಾರಿಯಲ್ಲಿ ತೆರೆದುಕೊಂಡಿತು. ತಾನು ಹದಿನೈದರ ಹುಡುಗಿಯಾಗಿದ್ದಾಗ ಅಜ್ಜನನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಗರ್ಟ್ರೂಡ್ ಎಲಿಯನ್, ಜಾರ್ಜ್ ಹಿಚಿಂಗ್ಸ್ ಜೊತೆಗೂಡಿ 6-ಮರ್ಕ್ಯಾಪ್ಟೊಪ್ಯೂರಿನ್ ಎಂಬ ರಕ್ತಕ್ಯಾನ್ಸರ್ ಔಷಧವನ್ನು ರೂಪಿಸಿದರು. ದೇಹದ ಒಂದು ಕಿಣ್ವ ಈ ಔಷಧವನ್ನು ಬೇಗ ಒಡೆಯುತ್ತಿತ್ತು. ಆ ಕಿಣ್ವವನ್ನು ತಡೆಯಲೆಂದು ಅಲೊಪ್ಯೂರಿನಾಲ್ ಪ್ರಯೋಗಿಸಿದಾಗ ರೋಗಿಗಳ ಯೂರಿಕ್ ಆಮ್ಲವೂ ಇಳಿಯಿತು! ಯೂರಿಕ್ ಆಮ್ಲವನ್ನು ತಯಾರಿಸುವುದೂ ಅದೇ ಕಿಣ್ವ. 1966ರಲ್ಲಿ ಅಲೊಪ್ಯೂರಿನಾಲ್ ಗೌಟ್‌ಗೆ ಔಷಧವಾಗಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. 1988ರಲ್ಲಿ ಇಬ್ಬರೂ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಈ ನಂಟಿನ ದಿಕ್ಕನ್ನು ಗಮನಿಸಿ. ಕ್ಯಾನ್ಸರ್ ಕೋಶಗಳು, ಮುಖ್ಯವಾಗಿ ಚಿಕಿತ್ಸೆಯ ವೇಳೆ, ಗುಂಪುಗುಂಪಾಗಿ ಸತ್ತಾಗ ಅವುಗಳ ಪ್ಯೂರಿನ್‌ಗಳು ಯೂರಿಕ್ ಆಮ್ಲವಾಗಿ ಮೂತ್ರಪಿಂಡಗಳಿಗೆ ಅಪಾಯ ತರುತ್ತವೆ. ಇಲ್ಲಿ ಕ್ಯಾನ್ಸರ್ ಕಾರಣ, ಯೂರಿಕ್ ಆಮ್ಲ ಪರಿಣಾಮ. 1981ರಲ್ಲಿ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಇನ್ನೂ ಬೇರೆ ವಾದ ಮುಂದಿಟ್ಟರು: ಯೂರಿಕ್ ಆಮ್ಲ ಉತ್ಕರ್ಷಣವನ್ನು ತಡೆಯುವ ವಸ್ತು, ಹಾಗಾಗಿ ಅದು ಕ್ಯಾನ್ಸರ್‌ನಿಂದ ನಮ್ಮನ್ನು ಕಾಪಾಡುತ್ತಿರಬಹುದು.

ಅನಂತರದ ಹಲವು ಸಮೀಕ್ಷೆಗಳು, ಗೌಟ್ ಇರುವವರಲ್ಲಿ ಕೆಲವು ಬಗೆಯ ಕ್ಯಾನ್ಸರ್ ತುಸು ಹೆಚ್ಚೆಂದು ತೋರಿಸಿವೆ. ಆದರೆ ಬೊಜ್ಜು ಮತ್ತು ಮದ್ಯಪಾನ ಯೂರಿಕ್ ಆಮ್ಲವನ್ನೂ ಏರಿಸುತ್ತವೆ, ಕ್ಯಾನ್ಸರ್ ಅಪಾಯವನ್ನೂ ಹೆಚ್ಚಿಸುತ್ತವೆ. ಹೀಗಿರುವಾಗ ಯೂರಿಕ್ ಆಮ್ಲವೇ ಅಪರಾಧಿಯೆನ್ನುವುದು ಹೇಗೆ? ಜೀನ್‌ಗಳನ್ನು ಆಧರಿಸಿದ ಅಧ್ಯಯನಗಳ ಫಲಿತಾಂಶಗಳೂ ಒಂದಕ್ಕೊಂದು ಹೊಂದುತ್ತಿಲ್ಲ. ಗೌಟ್ ವಿಷಯದಲ್ಲಿ ಮಂಡಿಗೆ ಚುಚ್ಚಿದ ಸೂಜಿ ಒದಗಿಸಿದಂತಹ ಪುರಾವೆ ಇಲ್ಲಿ ದೊರೆತಿಲ್ಲ.

ಆದ್ದರಿಂದ ವರದಿಯ ಒಂದು ಅಂಕಿ ನೋಡಿ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ಹಾಗೆಂದು ವೈದ್ಯರು ಕೊಟ್ಟ ಗುಳಿಗೆಯನ್ನು ಬಿಡುವುದೂ ಸಲ್ಲದು. ತೂಕ ಮತ್ತು ಮದ್ಯದ ಮೇಲಿನ ಹಿಡಿತ ಎರಡೂ ರೋಗಗಳಿಗೆ ಸಲ್ಲುವ ಎಚ್ಚರ. ಅಧ್ಯಾಪಕ ಮಿತ್ರರೆ, 'ಜೊತೆಗಿರುವುದೆಲ್ಲ ಕಾರಣವಲ್ಲ' ಎಂಬ ಪಾಠಕ್ಕೆ ಉದಾಹರಣೆ ಬೇಕಾದಾಗ ಈ ಕಥೆಯನ್ನು ತರಗತಿಯಲ್ಲಿ ಹೇಳಿ ನೋಡಿ.