ಇಸ್ಪೀಟಿನಲ್ಲಿ ಒಂದೇ ಕೂಗು

ಕನ್ನಡದಲ್ಲಿ ‘ಇಸ್ಪೀಟು’ ಎಂದರೆ ಎಲೆಗಳ ಇಡೀ ಕಟ್ಟೂ ಹೌದು, ಅದರೊಳಗಿನ ಒಂದು ಕಪ್ಪು ಜಾತಿಯೂ ಹೌದು. ಆ ಜಾತಿಯ ಹೆಸರನ್ನೇ ಹೊತ್ತ ‘ಸ್ಪೇಡ್ಸ್’ ಎಂಬ ಆಟವೊಂದು ಅಮೆರಿಕದಲ್ಲಿದೆ. ಇಸ್ಪೀಟೆಂದೊಡನೆ ಜೂಜನ್ನು ನೆನೆದು ಮುಖ ಸಿಂಡರಿಸುವ ಬಂಧುಗಳು ದಯವಿಟ್ಟು ತಾಳಬೇಕು. ನಾನು ಹೇಳಹೊರಟಿರುವುದು ಹಣದ ಮಾತಲ್ಲ. ಎದುರಿಗೆ ಕುಳಿತ ಜೊತೆಗಾರನಿಗೆ ನಮ್ಮ ಕೈಯಲ್ಲಿರುವುದನ್ನು ಎಷ್ಟರಮಟ್ಟಿಗೆ ತಿಳಿಸಬಹುದು ಎಂಬುದರ ಚರಿತ್ರೆ.

ಈ ಕುಲದ ಹಿರಿಯ ಇಂಗ್ಲೆಂಡಿನ ‘ವಿಸ್ಟ್’. 1742ರಲ್ಲಿ ಎಡ್ಮಂಡ್ ಹಾಯ್ಲ್ ಅದರ ಬಗ್ಗೆ ಪುಸ್ತಕ ಬರೆದು ಹೆಸರಾದನು. ಎದುರುಬದುರು ಕುಳಿತ ಇಬ್ಬಿಬ್ಬರ ಎರಡು ಜೋಡಿ. ಹಂಚುವಾಗ ಕೊನೆಗೆ ಬಿದ್ದ ಎಲೆಯ ಜಾತಿಯೇ ತುರುಪು. ಅಲ್ಲಿ ಕೂಗುವುದೇ ಇಲ್ಲ, ಇಳಿಸಿದ ಎಲೆಯೇ ಮಾತು.

ಈ ಮೌನವನ್ನು ಮುರಿದದ್ದು ಬ್ರಿಡ್ಜ್. 20ನೇ ಶತಮಾನದ ಆರಂಭದಲ್ಲಿ ತುರುಪು ಹರಾಜಿಗೆ ಬಂದಿತು. 1925ರಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಾಕ್ಕೆ ಹೊರಟಿದ್ದ ‘ಫಿನ್ಲೆಂಡ್’ ಹಡಗಿನಲ್ಲಿ ಹೆರಾಲ್ಡ್ ವಾಂಡರ್‌ಬಿಲ್ಟ್ ಹೊಸದೊಂದು ಲೆಕ್ಕವನ್ನು ಪರೀಕ್ಷಿಸಿದನು: ಆಟ ಗೆಲ್ಲಲು ಕೂಗಿದಷ್ಟು ಮಾತ್ರ ಎಣಿಕೆಗೆ. ಆಮೇಲೆ ಕೂಗೇ ಒಂದು ಸಂಕೇತಭಾಷೆಯಾಗಿ ಬೆಳೆಯಿತು, ಅದರೊಡನೆ ಸಂಶಯವೂ ಬೆಳೆಯಿತು. ಕೊನೆಗೆ ಜೊತೆಗಾರರ ನಡುವೆ ಪರದೆಯನ್ನೇ ನಿಲ್ಲಿಸಬೇಕಾಯಿತು. ಹಾಗಿದ್ದೂ 1975ರಲ್ಲಿ ಬರ್ಮುಡಾದ ವಿಶ್ವಸ್ಪರ್ಧೆಯಲ್ಲಿ ಇಟಲಿಯ ಜೋಡಿಯೊಂದು ಮೇಜಿನ ಕೆಳಗಿನ ಕಾಲಿನ ಚಲನೆಗಾಗಿ ಛೀಮಾರಿ ಪಡೆಯಿತು!

ಸ್ಪೇಡ್ಸ್ ಬಂದದ್ದು 1930ರ ದಶಕದ ಕೊನೆಯ ಹೊತ್ತಿಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ನಡುವೆ ಹರಡಿತು. ಹರಾಜಿಲ್ಲ, ಇಸ್ಪೀಟು ಯಾವಾಗಲೂ ತುರುಪು. ಹದಿಮೂರು ಸುತ್ತುಗಳಲ್ಲಿ ಎಷ್ಟನ್ನು ಗೆಲ್ಲುವೆನೆಂದು ಪ್ರತಿಯೊಬ್ಬನೂ ಒಂದೇ ಸಲ ಒಂದು ಸಂಖ್ಯೆ ಹೇಳಬೇಕು. ಜೋಡಿಯ ಕೂಗುಗಳನ್ನು ಕೂಡಿಸುತ್ತಾರೆ. ಗೆದ್ದರೆ ಕೂಗಿದ ಸುತ್ತೊಂದಕ್ಕೆ ಹತ್ತು ಅಂಕ, ತಪ್ಪಿದರೆ ಅಷ್ಟೇ ಕಡಿತ. ಅಂಜಿ ಕಡಿಮೆ ಕೂಗುವವನಿಗೂ ಸಾಮಾನ್ಯವಾಗಿ ದಂಡವುಂಟು: ಹೆಚ್ಚುವರಿಯಾಗಿ ಗೆದ್ದ ಸುತ್ತುಗಳು ಹತ್ತಾದೊಡನೆ ನೂರು ಅಂಕ ಹೋಗುತ್ತದೆ. ಆದ್ದರಿಂದ ಕೊನೆಗೆ ಕೂಗುವವನು ತನ್ನ ಎಲೆಗಳನ್ನಷ್ಟೇ ನೋಡಿದರೆ ಸಾಲದು. ಮೊದಲ ಮೂವರು 4, 3, 3 ಎಂದಿದ್ದರೆ ಉಳಿದಿರುವುದು ಮೂರೇ. ಅವನು ನಾಲ್ಕೆಂದರೆ ಯಾರದಾದರೂ ಮಾತು ಮುರಿಯಲೇಬೇಕು.

ನನಗೆ ಅತ್ಯಂತ ಪ್ರಿಯವಾದದ್ದು ‘ನಿಲ್’, ಅಂದರೆ ಒಂದು ಸುತ್ತನ್ನೂ ಗೆಲ್ಲೆನೆಂಬ ಕೂಗು. ನೆರವೇರಿದರೆ ನೂರು ಅಂಕ, ತಪ್ಪಿದರೆ ನೂರು ಕಡಿತ. ಪಣ ತೊಡುವವನು ಒಬ್ಬ, ಅದನ್ನು ಕಾಯುವವನು ಇನ್ನೊಬ್ಬ. ಕಾಯುವವನು ಆಟೀನಿನ ಎಕ್ಕವನ್ನು ಮೊದಲೇ ಇಳಿಸಿದರೆ ಜೊತೆಗಾರ ತನ್ನ ಆಟೀನಿನ ರಾಜನನ್ನು ಅದರಡಿ ಹಾಕಿ ಪಾರಾಗುತ್ತಾನೆ. ಆದರೆ ಜೋಡಿಯ ಎರಡು ದೊಡ್ಡ ಎಲೆಗಳು ಒಂದೇ ಸುತ್ತಿನಲ್ಲಿ ಖರ್ಚಾದವು. ಕಾಯುವವನ ಸ್ವಂತ ಕೂಗಿಗೆ ಅಪಾಯ. ಈ ಲೆಕ್ಕ ತಿಳಿದೇ ಅವನು ತನ್ನ ಸಂಖ್ಯೆಯಲ್ಲಿ ಒಂದನ್ನು ಇಳಿಸಿ ಹೇಳಿರಬೇಕು.

2001ರ ವಿಂಡೋಸ್ ಎಕ್ಸ್‌ಪಿಯೊಡನೆ ಸ್ಪೇಡ್ಸ್ ಅಂತರಜಾಲದ ಮೂಲಕವೂ ಬಂದಿತು. ಪರದೇಶದ ಅಪರಿಚಿತ ಜೊತೆಗಾರನಿಗೆ ಮೊದಲೇ ಸಿದ್ಧಪಡಿಸಿದ ಕೆಲವು ವಾಕ್ಯಗಳನ್ನು ಮಾತ್ರ ಆರಿಸಿ ಕಳುಹಿಸಬಹುದಿತ್ತು; ಅವು ಅವನ ಭಾಷೆಯಲ್ಲಿ ಅವನಿಗೆ ಕಾಣುತ್ತಿದ್ದವು. ಕೈಯಲ್ಲಿ ಏನಿದೆಯೆಂದು ಹೇಳಲು ಅಲ್ಲಿಯೂ ಇದ್ದದ್ದು ಒಂದು ಸಂಖ್ಯೆ ಮಾತ್ರ. 2019ರಲ್ಲಿ ಆ ಸೇವೆಯನ್ನು ನಿಲ್ಲಿಸಿದರು.