ಎಡೆದೊರೆಯ ನೀರಿನ ಕಥೆ

ರೈತ ಬಾಂಧವರೇ, "ಇಲ್ಲಿ ಮಳಿ ಇಲ್ಲ, ಹೊಳಿ ಹೆಂಗ ತುಂಬಿತು?" ಎಂದು ಗುಂಜಹಳ್ಳಿಯ ಶಾಲೆಯ ಹುಡುಗ ಕೇಳಿದರೆ ಏನು ಹೇಳುವಿರಿ? ಪುಸ್ತಕದ ಚಿತ್ರ ಸಾಲದು, ಕಾಲುವೆ ದಂಡೆಗೇ ಕರೆದೊಯ್ಯಿರಿ.

ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ಸೀಮೆಗೆ ಹಳೆಯ ಶಾಸನಗಳಲ್ಲಿ ಎಡೆದೊರೆ ಎಂದು ಹೆಸರು. ಎಡೆ ಎಂದರೆ ನಡುವೆ, ತೊರೆ ಎಂದರೆ ಹೊಳೆ. ಎರಡು ಹೊಳೆಯಿದ್ದೂ ಹೊಲ ಒಣಗುತ್ತಿತ್ತು! ಯಾಕಂದ್ರೆ, ಸಮುದ್ರದ ನೀರು ಬಿಸಿಲಿಗೆ ಆವಿಯಾಗಿ, ಮೋಡವಾಗಿ, ಬಹುಪಾಲು ಸಹ್ಯಾದ್ರಿಯಲ್ಲೇ ಸುರಿದುಬಿಡ್ತದೆ. ಆ ಮಲೆನಾಡಿನ ಮಳೆಯನ್ನೇ 1953ರಿಂದ ಹೊಸಪೇಟೆ ಬಳಿಯ ಅಣೆಕಟ್ಟೆಯಲ್ಲಿ ತಡೆದು, ಎಡದಂಡೆ ಕಾಲುವೆಯಿಂದ ರಾಯಚೂರು ಕಡೆಗೆ ಹರಿಸುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ಅಲ್ಲಿಯ 19ನೇ ಗೇಟು ಕೊಚ್ಚಿಹೋಯಿತು. ಕಾಲುವೆಯ ಕೊನೆಯ ರೈತರ ಎದೆ ಝಲ್ಲೆಂದಿತು. ಹರಿದ ನೀರಿನ ದಾರಿ ಕೃಷ್ಣೆಗೆ, ಅಲ್ಲಿಂದ ಬಂಗಾಳ ಕೊಲ್ಲಿಗೆ. ಮೋಡವಾಗಿ ಮತ್ತೆ ಬಂದೀತು; ಯಾರ ಹೊಲಕ್ಕೆ, ಯಾವಾಗ ಅಂತ ಯಾರು ಹೇಳ್ಯಾರು? ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಮೇಲೆಯೇ ಜೀವ ಬಂದಂತಾಯಿತು.