ಐದು ಕೀಲಿ, ಏಳು ಚೂರು

ಹಳೆಯ ‘ನುಡಿ’ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆಯ ತುಂಬ ರೋಮನ್ ಅಕ್ಷರ, ನಡುನಡುವೆ ಪೌಂಡ್ ಚಿಹ್ನೆ. ಅನುವಾದಕ್ಕೆಂದು ನನಗೆ ಈಗಲೂ ಇಂಥವು ಬರುತ್ತವೆ. ಫೈಲ್ ಹಾಳಾಗಿದೆ ಎಂದು ಅಳಿಸಿಬಿಡುವವರಿದ್ದಾರೆ. ಹಾಳಾಗಿರುವುದಿಲ್ಲ.

ಕೆ. ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಬರೆಯಲು ಐದು ಕೀಲಿ ಸಾಕು: ಕ, ನ, ಒತ್ತು ಕೂಡಿಸುವ ಎಫ್, ಮತ್ತೆ ನ, ಡ. ಬೆರಳು ಉಚ್ಚಾರಣೆಯ ದಾರಿಯಲ್ಲೇ ಹೋಗುತ್ತದೆ. ನುಡಿಯಲ್ಲೂ ಹೀಗೆಯೇ ಟೈಪ್ ಮಾಡುತ್ತಿದ್ದರು. ಆದರೆ ಫೈಲಿನಲ್ಲಿ ಉಳಿಯುತ್ತಿದ್ದುದು ಏಳು ಚೂರು: ಮೂರು ಅಕ್ಷರಗಳ ಒಡಲು, ಮೂರು ತಲೆಕಟ್ಟು, ಒಂದು ನ-ಒತ್ತು. ಫಾಂಟಿನಲ್ಲಿದ್ದ ಮನೆಗಳು 256ರೊಳಗೆ. ನಮ್ಮ ಗುಣಿತ, ಒತ್ತಕ್ಷರಗಳೋ ಸಾವಿರಾರು. ಒಡೆದು ಜೋಡಿಸದೆ ವಿಧಿಯಿರಲಿಲ್ಲ.

ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ವಿಂಡೋಸ್ ಕನ್ನಡವನ್ನು ಸ್ವತಃ ಜೋಡಿಸಿ ತೋರಿಸಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲಿಯವರೆಗೆ ಕಾಯಿರಿ ಎಂದು ಕಚೇರಿಗೋ ಅಚ್ಚುಕೂಟಕ್ಕೋ ಹೇಳುವಂತಿರಲಿಲ್ಲ. ಹಾಗಾಗಿ ಚೂರುಗಳ ಉಪಾಯ ಹೂಡಿದ ಪ್ರೋಗ್ರಾಮರುಗಳನ್ನು ನಾನು ದೂರುವುದಿಲ್ಲ. ಕಾಗದದ ಮೇಲೆ ಅಕ್ಷರ ಮುದ್ದಾಗಿಯೇ ಬರುತ್ತಿತ್ತು.

ತೊಡಕು ಹುಡುಕುವಾಗಿನದು. ಯೂನಿಕೋಡ್ ‘ಧರ್ಮ’ವನ್ನು ನುಡಿದಂತೆ ಇಡುತ್ತದೆ: ಧ, ರ್, ಮ. ಹಳೆಯ ಫೈಲಿನಲ್ಲಿ ಕಣ್ಣಿಗೆ ಕಂಡಂತೆ: ಧ, ಮ, ಕೊನೆಗೆ ಅರ್ಕಾವತ್ತು. ಹುಡುಕಿದರೆ ಒಂದೂ ‘ಧರ್ಮ’ ಸಿಗದು. ಅಕಾರಾದಿಯಾಗಿ ಜೋಡಿಸಿದರೆ ಪದಪಟ್ಟಿ ಚೆಲ್ಲಾಪಿಲ್ಲಿ. ಪರಿವರ್ತಕ ತಂತ್ರಾಂಶಗಳು ಇದನ್ನು ಸರಿಪಡಿಸುತ್ತವೆ, ಆದರೂ ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ.